ಮಂಜು ನಿಲ್ಲಿಸುವ ಕೆಲಸ ನನ್ನದು

ನಾನು ಒಂದು ಪ್ರೋಗ್ರಾಮಿನ ತುಣುಕು. ಹುಟ್ಟಿದಾಗ ನನಗೆ ಮೂರೇ ಸಾಲು. ನನ್ನಂಥವರನ್ನು ಡಿಸ್ಟ್ರಕ್ಟರ್ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ, ನಾವು ಏನನ್ನೂ ಒಡೆಯುವುದಿಲ್ಲ. ಎಲ್ಲರೂ ಮನೆ ಬಿಟ್ಟು ಹೊರಟಾಗ ದೀಪ ಆರಿಸಿ, ನಲ್ಲಿ ಬಿಗಿ ಮಾಡಿ, ಬಾಗಿಲು ಎಳೆದುಕೊಂಡು ಬರುವ ಒಬ್ಬರು ಇರುತ್ತಾರಲ್ಲ, ಅವರ ಕೆಲಸ ನಮ್ಮದು. ನಮ್ಮನ್ನು ಕರೆಯುವುದು ಕೊನೆಗೆ.

ಮಳವಳ್ಳಿ ಕಡೆಯ ಒಂದು ಚಾಕಿ ಕೇಂದ್ರದಲ್ಲಿ ನಾನು ಹುಟ್ಟಿದೆ. ಮೊಟ್ಟೆಯೊಡೆದ ರೇಷ್ಮೆಹುಳುಗಳನ್ನು ಎಳೆತನದಲ್ಲಿ ಸಾಕಿ ರೈತರಿಗೆ ಕೊಡುವ ಜಾಗ ಅದು. ಹುಳು ಪೊರೆ ಬಿಡುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ಸೊಪ್ಪು ತಿನ್ನುವಾಗ ಹುಳುವಿಗೆ ತೇವದ ಗಾಳಿ ಬೇಕು. ಜ್ವರಕ್ಕೆ ಕೂತಾಗ ಒಣ ಗಾಳಿ ಬೇಕು. ತೇವ ಕೊಡಲು ಕೋಣೆಯಲ್ಲಿ ಒಂದು ಮಂಜಿನ ಮಿಷನ್ ಇತ್ತು. ಅದು ಸದ್ದಿಲ್ಲದೆ ಬಿಳಿ ಹೊಗೆಯಂಥ ಮಂಜು ಬಿಡುತ್ತಿತ್ತು.

ಕೇಂದ್ರದ ಒಡತಿ ಪುಟ್ಟಗೌರಮ್ಮ. ಅವರಿಗಾಗಿ ಪಾಲಿಟೆಕ್ನಿಕ್‌ನ ಪ್ರಭುಸ್ವಾಮಿ ಮೇಷ್ಟ್ರು ಅಂಗೈಯಗಲದ ಒಂದು ಕಂಪ್ಯೂಟರಿನಲ್ಲಿ ನಮ್ಮನ್ನೆಲ್ಲ ಬರೆದರು. ಒಬ್ಬ ಗಾಳಿಯ ತೇವ ಅಳೆಯುವವನು, ಒಬ್ಬ ದಿನಚರಿ ಬರೆಯುವವನು, ಒಬ್ಬ ಮಂಜಿನ ಮಿಷನ್ ನೋಡಿಕೊಳ್ಳುವವನು. ನಾನು ಆ ಮಿಷನ್ನಿನವನ ಕೊನೆಯ ಸಾಲುಗಳು. ನಮ್ಮೆಲ್ಲರನ್ನೂ ಒಂದೊಂದೇ ಸಾಲಾಗಿ ಓದಿ ನಡೆಸುತ್ತಿದ್ದ ಯಜಮಾನನ ಹೆಸರು ಇಂಟರ್‌ಪ್ರಿಟರ್.

ಮೇಷ್ಟ್ರು ನನಗೆ ಹೇಳಿಕೊಟ್ಟಿದ್ದು ಇಷ್ಟು: ಮೊದಲು ‘ಮಂಜು ನಿಂತಿತು’ ಎಂದು ದಿನಚರಿಯವನಿಗೆ ಹೇಳು, ಆಮೇಲೆ ಮಿಷನ್ ಆರಿಸು. ಪ್ರತಿ ಸಲ ಸೊಪ್ಪು ಹಾಕಿ ಮುಗಿದಾಗ ನನ್ನನ್ನು ಕರೆಯುತ್ತಿದ್ದರು. ಯಜಮಾನ ಎದ್ದೇ ಇರುತ್ತಿದ್ದ, ದಿನಚರಿಯವನೂ ಇರುತ್ತಿದ್ದ. ನಾನು ತಪ್ಪಿದ್ದಿಲ್ಲ.

ಜ್ವರದ ದಿನ ಮಾತ್ರ ಪುಟ್ಟಗೌರಮ್ಮ ಗೋಡೆಯ ಪ್ಲಗ್ಗನ್ನೇ ಕಿತ್ತುಬಿಡುತ್ತಿದ್ದರು. ಮಿಷನ್ನೂ ಸತ್ತಿತು, ನಾವೂ ಸತ್ತೆವು. ಬೇರೂರಿಗೆ ವರ್ಗವಾಗಿ ಹೊರಟ ಮೇಷ್ಟ್ರು ಅದನ್ನು ಕಂಡು ಗಾಬರಿಯಾದರು.

“ಹಂಗೆ ಕೀಳಬ್ಯಾಡಿ ಗೌರಮ್ಮ, ಒಳಗಿರೋ ಕಾರ್ಡ್ ಕೆಟ್ಟೋಯ್ತದೆ. ಈ ಬಟನ್ ಒತ್ತಿ ಸಾಕು, ಎಲ್ಲಾ ತಾನಾಗೇ ನಿಲ್ತದೆ.”

ಮುಂದಿನ ಬೆಳೆಯಲ್ಲಿ ಹುಳು ಜ್ವರಕ್ಕೆ ಕೂತ ಮಧ್ಯಾಹ್ನ ಪುಟ್ಟಗೌರಮ್ಮ ತಟ್ಟೆಗಳ ಮೇಲೆ ತೇವ ಹೀರುವ ಸುಣ್ಣದ ಪುಡಿ ಉದುರಿಸಿ, ಬಟನ್ ಒತ್ತಿ, ಬಾಗಿಲು ಹಾಕಿಕೊಂಡರು. ಜ್ವರದ ಹುಳುವಿನ ಕೋಣೆಗೆ ಯಾರೂ ಹೋಗಬಾರದು, ಬಾಗಿಲ ಬಳಿ ಮಾತೂ ಆಡಬಾರದು. ಅವರ ಅತ್ತೆಯ ಕಾಲದಿಂದ ನಡೆದು ಬಂದ ನೇಮ ಅದು.

ಕಂಪ್ಯೂಟರಿನ ಒಳಗೆ ಯಜಮಾನ ಮನೆ ಖಾಲಿ ಮಾಡುತ್ತಿದ್ದ. ಹಾಗೆ ಖಾಲಿ ಮಾಡುವಾಗ ಯಾರು ಮೊದಲು, ಯಾರು ಆಮೇಲೆ ಎಂಬ ಕ್ರಮವಿರುವುದಿಲ್ಲ. ನನ್ನ ಸರದಿ ಬಂದಾಗ ದಿನಚರಿಯವನು ಇರಲಿಲ್ಲ. ನಾನು ಇಲ್ಲದವನನ್ನು ಕರೆದೆ. ಅಲ್ಲೇ ಎಡವಿದೆ. ಎರಡನೆಯ ಕೆಲಸದ ತನಕ ನಾನು ತಲುಪಲೇ ಇಲ್ಲ. ಕೂಗಿದೆ, ನಿಜ. ಆದರೆ ಡಿಸ್ಟ್ರಕ್ಟರಿನ ಕೂಗಿಗೆ ಯಜಮಾನ ನಿಲ್ಲುವುದಿಲ್ಲ. ಪರದೆ ಇದ್ದರೆ ಅದರ ಮೇಲೆ ಒಂದು ಸಾಲು ಮೂಡಿಸಿ ಮುಂದೆ ಹೋಗುತ್ತಾನೆ. ಅಲ್ಲಿ ಪರದೆ ಇರಲಿಲ್ಲ. ಎಲ್ಲ ಮುಗಿದ ಮೇಲೂ ಮಂಜು ಸದ್ದಿಲ್ಲದೆ ಬರುತ್ತಲೇ ಇತ್ತು.

ಮರುದಿನ ಬಾಗಿಲು ತೆಗೆದಾಗ ಸುಣ್ಣ ಗಂಜಿಯಾಗಿತ್ತು. ಕೆಲವು ಹುಳು ಜ್ವರದಿಂದ ಎದ್ದಿದ್ದವು, ಕೆಲವು ಪೊರೆಯಲ್ಲೇ ಸಿಕ್ಕಿಕೊಂಡಿದ್ದವು. ಮೂವತ್ತು ತಟ್ಟೆಯಲ್ಲಿ ಹನ್ನೆರಡನ್ನು ಗುಂಡಿಗೆ ಹಾಕಿ ಮುಚ್ಚಿದರು. ಹುಳು ಒಯ್ಯಲು ಬಂದ ರೈತ ನಿಂಗರಾಜು ಬಾಗಿಲಲ್ಲೇ ನಕ್ಕ.

“ಏನ್ ಗೌರಕ್ಕ, ನಿನ್ ಹುಳಕ್ಕೆ ಜ್ವರ ಬಂದಿತ್ತೋ, ನೆಗಡಿ ಬಂದಿತ್ತೋ?” ಆಮೇಲೆ ನಗು ಬಿಟ್ಟು ಹೇಳಿದ: “ಇದೊಂದ್ಸಲ ಆಯ್ತು. ಇನ್ನೊಂದ್ಸಲ ಹಿಂಗಾದ್ರೆ ನಮ್ಮೂರೋರ್ಯಾರೂ ಇತ್ಲಾಗ್ ತಲೆ ಹಾಕಕಿಲ್ಲ.”

ಕೇಂದ್ರದ್ದು ಹತ್ತು ವರ್ಷದ ಹೆಸರು. ಪುಟ್ಟಗೌರಮ್ಮ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಶಾಹಿನಾಳನ್ನು ಕರೆಸಿದರು. ನಾನು ಎರಡನೆಯ ಕೈಗೆ ಬಂದೆ.

ಶಾಹಿನಾ ಪರದೆ ಜೋಡಿಸಿ ಬಟನ್ ಒತ್ತಿದಳು. ನನ್ನ ಕೂಗು ಮೊದಲ ಸಲ ಒಬ್ಬರ ಕಣ್ಣಿಗೆ ಬಿತ್ತು. ಅವಳು ನನ್ನ ತಲೆಯ ಮೇಲೆ ಎರಡು ಸಾಲು ಬರೆದಳು: ಮೊದಲು ಯಜಮಾನ ಮುಚ್ಚಿಕೊಳ್ಳುತ್ತಿದ್ದಾನೆಯೇ ಕೇಳು, ಹೌದಾದರೆ ಏನೂ ಮಾಡದೆ ಹಿಂತಿರುಗು. ಮತ್ತೆ ಬಟನ್ ಒತ್ತಿದಳು. ಪರದೆ ಚೊಕ್ಕಟವಾಗಿತ್ತು.

“ಆಯ್ತು ನೋಡಿ ಗೌರಕ್ಕ, ಒಂದು ತಪ್ಪೂ ಇಲ್ಲ.”

“ಈಗ ನಿಲ್ಲೋವಾಗ ಅದು ಏನ್ ಮಾಡ್ತದೆ?”

“ಏನೂ ಮಾಡಲ್ಲ. ಸುಮ್ಕಿರ್ತದೆ.”

“ಅದು ಸುಮ್ಕಿದ್ರೆ ಮಂಜು ನಿಲ್ಸೋರ್ಯಾರು, ನಿಮ್ಮಪ್ಪನಾ?”

ಶಾಹಿನಾ ತಿರುಗಿ ನೋಡಿದಳು. ಮಿಷನ್ನಿನ ಬಾಯಲ್ಲಿ ಮಂಜು ಏಳುತ್ತಿತ್ತು. ಹಣೆ ಒತ್ತಿಕೊಂಡು ನಕ್ಕಳು.

“ತಪ್ಪು ಮುಚ್ಚಾಕ್ದೆ ಕಣಕ್ಕ, ಸರಿ ಮಾಡ್ಲಿಲ್ಲ.”

“ಅದೇ ಅಂದೆ. ಮೇಷ್ಟ್ರೂ ಹಂಗೇ ಹೋದ್ರು. ಟೀ ಕುಡುದು ಕೂತ್ಕ, ಮಗ. ನಂಗೇನೂ ಅವಸರ ಇಲ್ಲ, ಹುಳಕ್ಕೆ ಮಾತ್ರ ಅವಸರ.”

ಸಂಜೆಯೊಳಗೆ ನಾನು ಒಂಬತ್ತು ಸಾಲಾದೆ. ಮಿಷನ್ ಆರಿಸುವ ಕೆಲಸ ಎಲ್ಲಕ್ಕಿಂತ ಮೊದಲಿಗೆ ಬಂತು. ಅದಕ್ಕೆ ಬೇಕಾದ ಉಪಕರಣ ಪ್ರತಿ ಸಲ ನಾನು ಎದ್ದೇಳುವಾಗಲೇ ನನ್ನ ಕೈಯಲ್ಲಿರುವಂತೆ ಮಾಡಿದಳು, ಕೊನೆಗಳಿಗೆಯಲ್ಲಿ ಇನ್ನೊಬ್ಬರ ಮನೆಯಲ್ಲಿ ಹುಡುಕಬೇಕಾಗಿಲ್ಲ. ಆರಿಸಿದ ಮೇಲೆ ಯಜಮಾನನನ್ನು ಕೇಳಬೇಕು: ನೀನು ಹೊರಟಿದ್ದೀಯಾ? ಇಲ್ಲವೆಂದರೆ ದಿನಚರಿಯವನಿಗೆ ಹೇಳು. ಹೌದೆಂದರೆ ಯಾರನ್ನೂ ಕರೆಯಬೇಡ. ಆ ಪ್ರಶ್ನೆ ಕೇಳುವ ದಾರಿಯೂ ಅಷ್ಟರಲ್ಲಿ ಅಳಿದು ಹೋಗಿರಬಹುದು. ಹಾಗಿದ್ದರೆ ಆ ಮೌನವನ್ನೇ ಹೌದು ಎಂದು ತಿಳಿದುಕೋ. ಈ ಕೊನೆಯ ಮಾತು ನನಗೆ ತುಂಬ ಹಿಡಿಸಿತು. ಮೌನದಲ್ಲಿ ಎರಡು ಬಗೆಯಿದೆ. ಒಂದು, ಕೆಲಸ ಬಿಟ್ಟು ಸುಮ್ಮನಿರುವುದು. ಇನ್ನೊಂದು, ಕೆಲಸ ಮುಗಿಸಿ ಸುಮ್ಮನಾಗುವುದು. ಒಂದೇ ದಿನದಲ್ಲಿ ಎರಡನ್ನೂ ಕಂಡವನು ನಾನು.

ಮುಂದಿನ ಬೆಳೆಯ ಹುಳು ಜ್ವರಕ್ಕೆ ಕೂತಿತು. ಸುಣ್ಣ ಉದುರಿಸಿಯಾಯಿತು. ಪುಟ್ಟಗೌರಮ್ಮ ಬಟನ್ ಒತ್ತಿ ಬಾಗಿಲು ಹಾಕಿದರು. ಆದರೆ ಅಲ್ಲಿಂದ ಹೋಗಲಿಲ್ಲ. ನನ್ನನ್ನು ನಂಬಿ ಹೋಗಬೇಕು, ಇಲ್ಲವೇ ಅತ್ತೆಯ ನೇಮ ಮುರಿದು ನೋಡಬೇಕು.

ಒಳಗೆ ನನ್ನ ಸರದಿ ಬಂತು. ಮಿಷನ್ ಆರಿಸಿದೆ. ಯಜಮಾನನನ್ನು ಕೇಳಿದೆ. ಉತ್ತರ ಬರಲಿಲ್ಲ. ಸುಮ್ಮನಾದೆ.

ಹೊರಗೆ ಅವರು ಬಾಗಿಲನ್ನು ನಾಲ್ಕು ಬೆರಳಿನಷ್ಟು ಸರಿಸಿ, ಕೈ ಒಳಗೆ ಚಾಚಿ, ಅಂಗೈ ತಿರುಗಿಸಿ ನೋಡಿದರಂತೆ. ಇದನ್ನು ಶಾಹಿನಾಳಿಗೊಬ್ಬಳಿಗೇ ಹೇಳಿದರು. ಕೈಗೆ ತೇವ ತಾಗಿರಲಿಲ್ಲ. ಮರುದಿನ ಮೂವತ್ತು ತಟ್ಟೆಯೂ ಒಟ್ಟಿಗೇ ತಲೆಯೆತ್ತಿ ಸೊಪ್ಪು ಕೇಳಿದವು. ಎರಡನೇ ಜ್ವರವೂ ಹಾಗೆಯೇ ಕಳೆಯಿತು. ನಿಂಗರಾಜು ತನ್ನ ಪಾಲಿನ ಹುಳು ಒಯ್ಯುವಾಗ ಮುಂದಿನ ಬೆಳೆಗೆ ಊರಿನ ಆರು ಜನರ ಹೆಸರು ಹೇಳಿ ಹೋದ.

ಅದಾಗಿ ಏಳು ವರ್ಷ. ಈಗ ಆ ಕೋಣೆಗೆ ಎಲ್ಲವನ್ನೂ ತಾನೇ ನೋಡಿಕೊಳ್ಳುವ ಹೊಸ ಮಿಷನ್ ಬಂದಿದೆ. ನಾನಿರುವ ಕಾರ್ಡು ಶಾಹಿನಾಳ ಅಂಗಡಿಯ ಒಂದು ಡ್ರಾಯರಿನಲ್ಲಿ, ಹಳೆಯ ಕೀಲಿಗಳ ಪಕ್ಕದಲ್ಲಿದೆ. ಕರೆಯುವವರಿಲ್ಲ. ಬೇಸರವೂ ಇಲ್ಲ. ಚಾಕಿ ಮನೆಯ ಬಾಗಿಲಿಗೆ ಅಂಟಿಸಿದ ನೇಮಗಳ ಹಾಳೆಯಲ್ಲಿ ‘ಜ್ವರದ ಹೊತ್ತು ಒಳಗೆ ಬರಬಾರದು’ ಎಂಬುದರ ಕೆಳಗೆ ಪುಟ್ಟಗೌರಮ್ಮ ತಮ್ಮ ಕೈಯಿಂದಲೇ ಇನ್ನೊಂದು ಸಾಲು ಸೇರಿಸಿದ್ದಾರೆ: ‘ಮಂಜು ನಿಂತಿದೆಯೋ ಇಲ್ಲವೋ, ಕೈಯಿಟ್ಟು ಒಂದು ಸಲ ನೋಡುವುದು.’

ಅದನ್ನು ನನ್ನ ಮೇಲಿನ ಅಪನಂಬಿಕೆ ಎಂದು ನಾನು ಎಣಿಸುವುದಿಲ್ಲ. ನೋಡಲಿ. ನಾನು ಮಾಡಿದ ಕೆಲಸ ನೋಡಿಸಿಕೊಳ್ಳುವಂಥದ್ದೇ.