ಬಂಗಾರುವಿಗೆ ಇಲಿಜ್ವರದ ಸೂಜಿ

ನಮ್ಮತ್ತೆ ಸುಬ್ಬಲಕ್ಷ್ಮಮ್ಮನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಅದಕ್ಕೇ ಒಂದೇ ಒಂದು ಸುಳ್ಳು ಹೇಳಿ, ಅದನ್ನು ಕಾಪಾಡಲು ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಆ ಸುಳ್ಳು ನಮ್ಮ ನಾಯಿ ಬಂಗಾರುವಿನ ವಿಷಯದ್ದು.

ಬಂಗಾರು ಅಂಗೈಯಲ್ಲಿ ಹಿಡಿಯುವಷ್ಟು ಮರಿಯಾಗಿದ್ದಾಗ ನನ್ನ ಗಂಡ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಿಂದ ತಂದರು. ಹಗಲೆಲ್ಲ ಜಗಲಿಯ ಮೇಲೆ ಸನ್ಯಾಸಿಯ ಹಾಗೆ ಬಿದ್ದಿರುತ್ತಾನೆ. ದೀಪ ಹಚ್ಚುವ ಹೊತ್ತಿಗೆ ಮಾಯ. ಯುಗಾದಿಯಲ್ಲಿ ಪಕ್ಕದ ಮನೆಯ ಅಮ್ಮಾಜಮ್ಮ ಹೊಸತೊಡಕಿನ ಬಾಡೂಟಕ್ಕೆಂದು ಸಾಕಿದ್ದ ಹುಂಜವೂ ಮಾಯವಾಯಿತು. ನಿಮ್ಮ ನಾಯಿಯದೇ ಕೆಲಸ ಎಂದು ಆಕೆ ಬಂದು ನಿಂತರು. ನಮ್ಮ ಬಂಗಾರು ಕತ್ತಲಾದ ಮೇಲೆ ಹೊಸಿಲು ದಾಟುವವನೇ ಅಲ್ಲ ಎಂದು ಅತ್ತೆ ಮುನೇಶ್ವರನ ಮೇಲೆ ಆಣೆ ಇಟ್ಟುಬಿಟ್ಟರು. ಮಾರನೇ ದಿನ ಜಗಲಿಯ ಕೆಳಗೆ ಪುಕ್ಕ ಸಿಕ್ಕಿತು. ಅತ್ತೆ ಯಾರಿಗೂ ಕಾಣದಂತೆ ಗುಡಿಸಿ ತಿಪ್ಪೆಗೆ ಹಾಕಿದರು. ಎರಡು ಮನೆಗಳ ನಡುವೆ ಇರುವುದು ಒಂದೇ ಗೋಡೆ. ಅವತ್ತಿನಿಂದ ಮಾತೂ ಇಲ್ಲ, ಒಂದು ಎಸಳು ಕರಿಬೇವು ಕೇಳುವುದೂ ಇಲ್ಲ.

ಹೀಗಿರುವಾಗ ಹಾಲಿನ ಡೈರಿಯ ಮುಂದೆ ದನಕರು, ನಾಯಿಗಳಿಗೆಲ್ಲ ಸೂಜಿ ಹಾಕುತ್ತಾರೆ ಎಂದು ಟಾಂಟಾಂ ಆಯಿತು. ಬಂಗಾರಪೇಟೆಯಿಂದ ಬಂದ ಡಾಕ್ಟರು ರವಿಶಂಕರ್ ಚಿಕ್ಕ ವಯಸ್ಸಿನವರು, ಆದರೆ ಹೆಣ್ಣು ನೋಡಲು ಬಂದವರಿಗಿಂತ ಹೆಚ್ಚು ಪ್ರಶ್ನೆ ಕೇಳುವವರು. ನಾನು ಹಗ್ಗ ಹಿಡಿದಿದ್ದೆ, ಅತ್ತೆ ಉತ್ತರ ಕೊಡಲು ಸೆರಗು ಸಿಕ್ಕಿಸಿ ನಿಂತಿದ್ದರು. ನಮ್ಮ ಹಿಂದೆಯೇ ಸಾಲಿನಲ್ಲಿ ಯಾರು ಅಂತೀರಿ? ಜಂತುವಿನ ಔಷಧಿ ಕುಡಿಸಲು ಮೇಕೆ ಹಿಡಿದುಕೊಂಡು ಅಮ್ಮಾಜಮ್ಮ.

ಹುಚ್ಚುನಾಯಿ ರೋಗದ ಲಸಿಕೆಗೆ ಯೋಚನೆಯೇ ಬೇಡ, ಯಾವ ನಾಯಿಗಾದರೂ ಹಾಕಲೇಬೇಕು ಎಂದರು ಡಾಕ್ಟರು. ರಕ್ತಭೇದಿ ಬಂದು ಸಾಯದಂತೆ ಇನ್ನೊಂದು, ಅದೂ ಬೇಕು. ಮೂರನೆಯದು ಇಲಿಜ್ವರದ್ದು. ಅದು ಬೇಕೋ ಬೇಡವೋ ಎನ್ನುವುದು ನಾಯಿ ಬದುಕುವ ರೀತಿಯ ಮೇಲೆ ನಿಂತಿದೆಯಂತೆ. ಹೊರಗೆ ತಿರುಗುತ್ತಾನಾ, ನಿಂತ ನೀರು ಕುಡಿಯುತ್ತಾನಾ, ಇಲಿ ಹಿಡಿಯುತ್ತಾನಾ ಎಂದು ಕೇಳಿದರು.

ಅತ್ತೆ ಒಂದು ಸಲ ಹಿಂದೆ ನೋಡಿದರು. ತಿರುಗುವುದಿಲ್ಲ, ಕುಡಿಯುವುದಿಲ್ಲ, ಇಲಿ ಕಂಡರೆ ಅವನೇ ಓಡುತ್ತಾನೆ ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಬಂಗಾರುವಿನ ನಾಲ್ಕೂ ಕಾಲಿಗೆ ಕಾಲುವೆಯ ಕೆಸರು ಒಣಗಿ ಅಂಟಿಕೊಂಡಿತ್ತು. ಡಾಕ್ಟರು ಅದನ್ನು ನೋಡಿದರೋ ಇಲ್ಲವೋ, ಹಾಗಾದರೆ ಅದೊಂದು ಬೇಡ ಬಿಡಿ ಎಂದು ಎರಡೇ ಸೀಸೆ ತೆಗೆದಿಟ್ಟು ಪೆಟ್ಟಿಗೆ ಮುಚ್ಚಿದರು.

ಕಳೆದ ಮಳೆಗಾಲದಲ್ಲಿ ನಮ್ಮ ಬೀದಿಯ ಶ್ರೀನಿವಾಸಪ್ಪನವರ ನಾಯಿ ಕಣ್ಣು ಹಳದಿಯಾಗಿ ಸತ್ತದ್ದು ಇದೇ ಇಲಿಜ್ವರದಿಂದ. ಹಾಗಂತ ಬಾಯಿ ಬಿಟ್ಟು ಅಮ್ಮಾಜಮ್ಮನ ಎದುರಿಗೇ ಅತ್ತೆಯನ್ನು ಸುಳ್ಳುಗಾತಿ ಮಾಡಿದರೆ ನಾನು ಮನೆಗೆ ಹೋಗುವುದು ಹೇಗೆ? ನೀರಲ್ಲಿದ್ದು ಮೊಸಳೆಯ ಜೊತೆ ವೈರವೇ? ಅತ್ತೆಯ ಮೊಣಕೈ ಮೆಲ್ಲಗೆ ತಿವಿದೆ. ಅವರು ನನ್ನನ್ನು ನೋಡಲಿಲ್ಲ, ಬಂಗಾರುವನ್ನು ನೋಡುತ್ತಿದ್ದರು. ಅವನು ಅವರ ಪಾದದ ಮೇಲೆ ಗಲ್ಲ ಊರಿ ಮಲಗಿದ್ದ.

“ಡಾಕ್ಟ್ರೇ, ಆ ಇಲಿ ಸೂಜಿನೂ ಆಕ್ಬುಡಿ,” ಎಂದರು ಅತ್ತೆ.

ಹೊಸಿಲು ದಾಟದ ನಾಯಿಗೆ ಯಾಕಮ್ಮ ಎಂದು ಡಾಕ್ಟರು ಕೇಳಿದರು.

“ದಾಟ್ತಾನೆ. ಕತ್ಲಾದ್ರೆ ಊರೆಲ್ಲ ಅವ್ನುದೇ. ಕಾಲ್ವೆ ನೀರು ಕುಡೀತಾನೆ, ಇಲಿ ಇಡೀತಾನೆ.” ಅತ್ತೆ ಇನ್ನೊಮ್ಮೆ ಹಿಂದೆ ನೋಡಿದರು. “ಕೋಳಿನೂ ಇಡೀತಾನೆ. ಮುನೇಸ್ವರ ನಂಗೆ ಏನು ಮಾಡ್ತಾನೋ ಮಾಡ್ಲಿ, ಇವ್ನು ಸಾಯೋದು ಬ್ಯಾಡ.”

ಸಾಲಿನಲ್ಲಿದ್ದವರೆಲ್ಲ ಅಮ್ಮಾಜಮ್ಮನ ಕಡೆ ತಿರುಗಿದರು. ಇವತ್ತು ಡೈರಿ ಮುಂದೆ ಕುರುಕ್ಷೇತ್ರವೇ ಎಂದುಕೊಂಡು ನಾನು ಹಗ್ಗ ಬಿಗಿಯಾಗಿ ಹಿಡಿದೆ. ಆಕೆ ಮುಂದೆ ಬಂದು, ಅತ್ತೆಯನ್ನು ಬಿಟ್ಟು ಡಾಕ್ಟರಿಗೆ ಹೇಳತೊಡಗಿದರು. ಇವನು ಇಲಿ ಹಿಡಿಯುವುದು ತಮ್ಮ ಕೊಟ್ಟಿಗೆಯಲ್ಲೇ ಅಂತೆ. ದಿನಾ ಸಂಜೆ ಬರುತ್ತಾನೆ, ಮುದ್ದೆ ತಿನ್ನುತ್ತಾನೆ, ಹಸುವಿನ ಪಕ್ಕ ಮಲಗುತ್ತಾನೆ, ಆದ್ದರಿಂದ ಸೂಜಿ ಚೆನ್ನಾಗಿಯೇ ಹಾಕಬೇಕಂತೆ. ಹುಂಜವನ್ನು ಅವನು ಕಚ್ಚಿಕೊಂಡು ಹೋದದ್ದನ್ನೂ ಕಣ್ಣಾರೆ ನೋಡಿದ್ದರಂತೆ.

“ಕಣ್ಣಾರೆ ನೋಡ್ದೆ ಅಂತ ಅವತ್ತೇ ಯಾಕೆ ಯೋಳ್ಲಿಲ್ಲ?” ಅತ್ತೆಯ ಧ್ವನಿ ಇಳಿದಿತ್ತು.

“ಯೋಳಿದ್ರೆ ನೀನು ಇವ್ನನ್ನ ಕಟ್ಟಾಕ್ಬುಡ್ತಿದ್ದೆ ಸುಬ್ಬಕ್ಕ,” ಎಂದರು ಅಮ್ಮಾಜಮ್ಮ. “ಮಾತು ಬಿಟ್ಮೇಲೆ ನಿಮ್ಮನೆಯಿಂದ ನಮ್ಮನೆಗೆ ಬತ್ತಿದ್ದೋನು ಇವನೊಬ್ನೇ.”

ಅತ್ತೆ ಬಗ್ಗಿ ಬಂಗಾರುವಿನ ಕಾಲಿನ ಕೆಸರು ಉದುರಿಸತೊಡಗಿದರು.

ಅಷ್ಟರಲ್ಲಿ ಡಾಕ್ಟರು ಸೂಜಿ ಎತ್ತಿದ್ದರು. ಅದನ್ನು ಕಂಡದ್ದೇ ನಮ್ಮ ಸನ್ಯಾಸಿ ಎದ್ದು ಕುಣಿಯತೊಡಗಿದ. ಇನ್ನೊಬ್ಬರು ಹಿಡಿದುಕೊಳ್ಳಬೇಕು ಎಂದು ಡಾಕ್ಟರು ಕೂಗಿದರು. ನಾನು ಬಗ್ಗಿದೆ. ಅತ್ತೆ ನನ್ನನ್ನು ಮೊಣಕೈಯಿಂದಲೇ ಪಕ್ಕಕ್ಕೆ ಸರಿಸಿದರು.

“ಅಮ್ಮಾಜೀ, ನೀನು ಬಾ, ಇವ್ನ ಮೂತಿ ಇಡ್ಕೋ,” ಎಂದರು. “ನಿನ್ ಮಾತಾದ್ರೆ ಕೇಳ್ತಾನೆ.”

ಅಮ್ಮಾಜಮ್ಮ ಮೇಕೆಯ ಹಗ್ಗವನ್ನು ನನ್ನ ಕೈಗೆ ತುರುಕಿ ಹೋದರು. ಇಬ್ಬರೂ ಮಣ್ಣಿನಲ್ಲಿ ಮಂಡಿಯೂರಿ ಬಂಗಾರುವನ್ನು ಅಪ್ಪಿ ಹಿಡಿದುಕೊಂಡರು. ಸೂಜಿಗಳೆಲ್ಲ ಮುಗಿದು ಡಾಕ್ಟರು ಮುಂದಿನ ನಾಯಿಯನ್ನು ಕರೆದರೂ ಬಿಡಲಿಲ್ಲ.