ಚರ್ಚು ಹೊರಟ ದಿನ

ರೈಲು ಕಂಪನಿಯ ಯಾವನೋ ಮಹಾಶಯ ನಕ್ಷೆಯ ಮೇಲೆ ಗೆರೆ ಎಳೆದ. ಹಳಿ ನೂರ್ದಾಲ್ ಎಂಬ ಹಳ್ಳಿಯಿಂದ ಆರು ಮೈಲಿ ಆಚೆ ಹೋಯಿತು. ಅಷ್ಟಕ್ಕೇ ಊರಿಗೆ ಊರೇ ಗಂಟುಮೂಟೆ ಕಟ್ಟಿತು. ಹಿಮ ಬಿದ್ದು ಹುಲ್ಲುಗಾವಲು ಗಟ್ಟಿಯಾದದ್ದೇ ತಡ, ಅಂಗಡಿ, ಲಾಯ, ಶಾಲೆ ಎಲ್ಲವನ್ನೂ ದಿಮ್ಮಿಗಳ ಮೇಲೆ ಕೂರಿಸಿ, ಕುದುರೆ ಕಟ್ಟಿ, ಸ್ಟೇಷನ್ನಿನ ಪಕ್ಕಕ್ಕೆ ಎಳೆದುಕೊಂಡು ಹೋದರು. ಹೊಸ ಊರಿಗೆ ಕಂಪನಿ ತನ್ನ ಯಜಮಾನನ ಅಳಿಯನ ಹೆಸರಿಟ್ಟಿತು. ಈ ಗಂಡಸರು ಅದಕ್ಕೂ ಹಲ್ಲು ಕಿರಿದರು.

ಗೂರೊಗೆ ಮೈಯೆಲ್ಲ ಉರಿಯುತ್ತಿತ್ತು. ಉಳಿದದ್ದು ಚರ್ಚು ಒಂದೇ. ಅದರ ತೊಲೆಗಳನ್ನು ಕಡಿದು ತಂದವನು ಅವಳ ಗಂಡ ಟೊರ್ಗ್ರಿಮ್. ಛಾವಣಿ ಏರಿಸುವಾಗ ಬಿದ್ದು ಸತ್ತವನನ್ನು ಆ ಗೋಡೆಯ ಪಕ್ಕದಲ್ಲೇ ಹೂತಿದ್ದರು. ಚರ್ಚು ಹೋದರೆ ಬಯಲಿನಲ್ಲಿ ಅವನೊಬ್ಬನೇ, ಎದೆಯ ಮೇಲೆ ಯಾರದೋ ನೇಗಿಲು.

ಚರ್ಚನ್ನು ಎಳೆಯಲು ಇಪ್ಪತ್ತನಾಲ್ಕು ಕುದುರೆ ಕಟ್ಟುವಷ್ಟರಲ್ಲಿ ಅವಳು ಒಳಗೆ ಹೋಗಿ ಮುಂದಿನ ಬೆಂಚಿನಲ್ಲಿ ಕುಳಿತಳು. ಕರೆಯಲು ಬಂದವನು ಟೊರ್ಗ್ರಿಮನ ತಮ್ಮ, ಅಂಗಡಿಯ ಅಸ್ಲಾಕ್.

“ಅತ್ತಿಗೆ, ಎದ್ದೇಳಿ. ಕುದುರೆಗಳು ಚಳೀಲಿ ನಿಂತಿವೆ.”

“ನಿಮ್ಮಣ್ಣ ಮೂರು ವರ್ಷದಿಂದ ಚಳೀಲೇ ಮಲಗಿದಾನೆ. ಅವನನ್ನೂ ಕರ್ಕೊಂಡು ಹೋಗೋದಾದ್ರೆ ಏಳ್ತೀನಿ.”

“ನೆಲ ಕಬ್ಬಿಣ ಆಗಿದೆ, ಈಗ ಅಗೆಯೋಕಾಗುತ್ತಾ? ಹಿಮ ಕರಗ್ಲಿ, ನೋಡೋಣ.”

“ನಿನ್ನ ‘ನೋಡೋಣ’ ಕೇಳಿ ಕೇಳಿ ಸಾಕಾಗಿದೆ ಕಣೋ. ನಮ್ಮನೆ ಬಾಗಿಲು ಸರಿ ಮಾಡಿಸ್ತೀನಿ ಅಂದು ಎರಡು ಚಳಿಗಾಲ ಕಳೀತು.”

“ಹಾಗಾದ್ರೆ ಕೂತಿರಿ, ಪುಕ್ಕಟೆ ಸವಾರಿ,” ಎಂದು ಅವನು ಬಾಗಿಲು ಎಳೆದುಕೊಂಡ.

ಚರ್ಚು ಕಿರ್ರೆಂದು ಅಲುಗಿತು. ಕಿಟಕಿಯಲ್ಲಿ ಗೋರಿಯ ಮರದ ಶಿಲುಬೆ ಹಿಂದೆ ಸರಿಯಿತು. ಗೂರೊ ಎದ್ದು ಗಂಟೆಯ ಹಗ್ಗ ಹಿಡಿದಳು.

ಯಾರಾದರೂ ಸತ್ತರೆ ಅವರ ವಯಸ್ಸಿನಷ್ಟು ಸಲ ಗಂಟೆ ಬಾರಿಸುವುದು ಅಲ್ಲಿಯ ಪದ್ಧತಿ. ಹೊರಗಿದ್ದ ಗಂಡಸರು ಟೊಪ್ಪಿ ತೆಗೆದು ಎಣಿಸತೊಡಗಿದರು. ಮೂವತ್ತೊಂದಕ್ಕೆ ಸದ್ದು ನಿಂತಿತು. ಆ ವಯಸ್ಸಿನಲ್ಲಿ ಸತ್ತವನು ಟೊರ್ಗ್ರಿಮ್ ಒಬ್ಬನೇ. ಅವನು ಸತ್ತಾಗ ಚರ್ಚಿಗೆ ಗಂಟೆ ಬಂದಿರಲಿಲ್ಲ, ಅವನಿಗಾಗಿ ಯಾರೂ ಬಾರಿಸಿರಲಿಲ್ಲ. ಒಬ್ಬೊಬ್ಬರಾಗಿ ಲಗಾಮು ಎಳೆದರು. ಅಸ್ಲಾಕ್ ಎಷ್ಟು ಕೂಗಿದರೂ ಯಾರೂ ಕದಲಲಿಲ್ಲ.

ಅವನು ಟೊಪ್ಪಿ ಕೈಯಲ್ಲಿ ಹಿಡಿದು ಒಳಗೆ ಬಂದ. “ಹಿಮ ಕರಗಿದ ತಕ್ಷಣ ಅಣ್ಣನ್ನ ತರ್ತೀವಿ, ಆಣೆ.”

“ಅಲ್ಲೀವರೆಗೂ ಚರ್ಚು ಇಲ್ಲೇ ಇರ್ಲಿ.”

“ಹಿಮ ಕರಗಿದ್ಮೇಲೆ ಇದನ್ನ ಎಳೆಯೋಕಾಗಲ್ಲ ಅತ್ತಿಗೆ. ಇನ್ನೊಂದು ಚಳಿಗಾಲ ಕಾಯ್ಬೇಕು.”

“ಕಾಯಿ. ಅವನು ಮೂರು ಕಾದಿಲ್ವಾ?”

ಒಂದು ವರ್ಷ ಚರ್ಚು ಬಯಲಿನಲ್ಲೇ ನಿಂತಿತು. ಊರಿನವರು ಭಾನುವಾರ ಅಷ್ಟು ದೂರ ಗೊಣಗುತ್ತಲೇ ಬಂದರು. ಮೇ ತಿಂಗಳಲ್ಲಿ ಅಸ್ಲಾಕನೇ ಅಗೆದ. ಹೊಸ ಊರಿನಲ್ಲಿ ಚರ್ಚಿಗೆಂದು ಬಿಟ್ಟಿದ್ದ ಖಾಲಿ ಜಾಗದಲ್ಲಿ ಟೊರ್ಗ್ರಿಮನನ್ನು ಹೂತರು. ಆ ಊರಿನ ಮೊದಲ ಗೋರಿ ಅದೇ. ಮುಂದಿನ ಚಳಿಗಾಲ ಚರ್ಚು ಬಂದು ಅವನ ಪಕ್ಕ ನಿಂತಿತು.

ಆರು ವರ್ಷಕ್ಕೆ ಹೊಸ ಊರು ನಗರವಾಯಿತು. ಪುರಸಭೆ ಅಚ್ಚು ಹಾಕಿಸಿದ ಪುಸ್ತಕವನ್ನು ಅಸ್ಲಾಕ್ ಹೆಮ್ಮೆಯಿಂದ ತಂದು ತೋರಿಸಿದ. ಮೊದಲ ಪುಟದಲ್ಲೇ ಕಂಪನಿ ಯಜಮಾನನ ಅಳಿಯನ ಚಿತ್ರ, ಕೆಳಗೆ ‘ನಗರ ಸ್ಥಾಪಕರು’ ಎಂಬ ಬರಹ.

ಗೂರೊ ಚಿತ್ರದ ಮೇಲೆ ಬೆರಳಿಟ್ಟಳು. “ಇವನನ್ನ ಇಲ್ಲಿ ಎಲ್ಲಿ ಹೂತಿದ್ದೀರಿ, ತೋರಿಸು.”