ಗೌನು ಗೌಣ

ಕೊರಿಯರ್‌ನಲ್ಲಿ ಬಂದ ಪೆಟ್ಟಿಗೆಯನ್ನು ಬರ್ನಿಸ್ ತನ್ನ ಮನೆಯ ನಡುಮನೆಯ ಮೇಜಿನ ಮೇಲೆ, ಟೀವಿಗಿಂತ ಎತ್ತರದಲ್ಲಿ ಪ್ರತಿಷ್ಠಾಪಿಸಿದ್ದಳು. ಅದರ ಮುಚ್ಚಳದಲ್ಲೊಂದು ಪಾರದರ್ಶಕ ಕಿಟಕಿ. ಕಿಟಕಿಯೊಳಗೆ ಸೊಸೆ ಟ್ರೂಡಿಯ ಮದುವೆಯ ಗೌನು ಎದೆಯುಬ್ಬಿಸಿಕೊಂಡು ಮಲಗಿತ್ತು. ಒಗೆದು, ಮಡಿಸಿ, ಗಾಳಿಯಾಡದಂತೆ ಸೀಲ್ ಮಾಡಿದ ಗೌನು. ನೂರು ವರ್ಷ ಹಳದಿಯಾಗದೆಂದು ಗ್ಯಾರಂಟಿ. ಸೀಲ್ ಒಡೆದರೆ ಗ್ಯಾರಂಟಿ ಇಲ್ಲ. ಮಡಿಸಿದ ಮೇಲೆ ಮಡಿ, ಯಾರೂ ಮುಟ್ಟುವಂತಿಲ್ಲ.

ಮಗ ಸೊಸೆ ಮಧುಚಂದ್ರಕ್ಕೆ ಹೋಗಿದ್ದಾಗ, ಯಾರನ್ನೂ ಕೇಳದೆ, ಅತ್ತೆ ಮಾಡಿಸಿದ ಉಡುಗೊರೆ ಇದು. ತೊಂದರೆ ಒಂದೇ. ಗೌನು ಟ್ರೂಡಿಯದಲ್ಲ.

ಅವಳು ತರಿಸಿದ್ದು ಎರಡು ಅಳತೆ ಚಿಕ್ಕದಾಗಿ ಬಂದಿತ್ತು. ಮದುವೆಗೆ ನಾಲ್ಕೇ ದಿನ ಉಳಿದಿದ್ದಾಗ ಚಿಕ್ಕಮ್ಮನ ಮಗಳು ಮಾರ್ಲಾ ತನ್ನ ಮದುವೆಗೆಂದು ಕೊಂಡಿಟ್ಟಿದ್ದನ್ನೇ ಕೊಟ್ಟು ಮಾನ ಉಳಿಸಿದ್ದಳು. ಈಗ ಮಾರ್ಲಾಳ ಮದುವೆ, ಬರುವ ಶನಿವಾರ. ಇವತ್ತು ಮಂಗಳವಾರ.

ಟ್ರೂಡಿ ಮೊದಲು ಪೆಟ್ಟಿಗೆ ಕಂಪನಿಗೆ ಫೋನ್ ಮಾಡಿದಳು. ಸಂಜೆ ಗಂಡನ ಮುಂದೆ ಮೂಗು ಹಿಡಿದುಕೊಂಡು ಅಲ್ಲಿನ ರೆಕಾರ್ಡಿನ ಹೆಣ್ಣುದನಿಯನ್ನೇ ತೆಗೆದಳು: "ನಿಮ್ಮ ನೆನಪುಗಳು ನಮಗೆ ಅಮೂಲ್ಯ. ತೆರೆಯಲು ಒಂದು ಒತ್ತಿ. ತೆರೆಯದಿರಲು ಎರಡು ಒತ್ತಿ. ಒಂದು ಒತ್ತಿದೆ ಕರ್ಟ್. ಅವಳು ಹೇಳ್ತಾಳೆ, 'ದಯವಿಟ್ಟು ತೆರೀಬೇಡಿ.'"

ಕರ್ಟ್ ಮೀನಿನ ತುಂಡು ನುಂಗುತ್ತ, "ಅಮ್ಮನಿಗೆ ಹೇಳಿಬಿಡು," ಎಂದ.

"ನೀನೇ ಹೇಳು."

"ನಾನು ಗೌನು ಹಾಕ್ಕೊಂಡಿರಲಿಲ್ವಲ್ಲ."

ಬುಧವಾರ ಮಧ್ಯಾಹ್ನ ಟ್ರೂಡಿ ಅತ್ತೆಯ ಮನೆಗೆ ಹೋದಳು. ಇಸ್ಪೀಟಿನ ಗೆಳತಿಯರು ಬರಲು ಇನ್ನೂ ಒಂದು ಗಂಟೆಯಿತ್ತು. ಬರ್ನಿಸ್ ಪೆಟ್ಟಿಗೆಯ ಕಿಟಕಿ ಒರೆಸುತ್ತಿದ್ದಳು.

"ನೋಡು ಮಗಳೇ, ಹೋದ ವಾರ ಎಡ್ನಾ ಇದನ್ನ ನೋಡಿ ಎರಡು ಆಟ ಸೋತಳು. ಅವಳ ಸೊಸೆ ತನ್ನ ಗೌನನ್ನ ಗ್ಯಾರೇಜಲ್ಲಿ ನೇತುಹಾಕಿದಾಳಂತೆ, ಹಿಮ ಎತ್ತೋ ಸಲಿಕೆ ಪಕ್ಕ."

"ಮಾಮ್, ಇದನ್ನ ತೆರೀಬೇಕು."

"ಯಾಕೆ, ಒಳಗೆ ಉಸಿರು ಕಟ್ತಾ ಇದೆಯಾ ಅದಕ್ಕೆ?"

"ನನಗೆ ಕಟ್ತಾ ಇದೆ. ಗೌನು ನಂದಲ್ಲ ಮಾಮ್. ಮಾರ್ಲಾದು. ಎರವಲು ತಂದಿದ್ದೆ. ಶನಿವಾರ ಅವಳ ಮದುವೆ."

ಬರ್ನಿಸ್ ಬಟ್ಟೆಯನ್ನು ಕೆಳಗಿಟ್ಟಳು. ಮದುಮಗಳ ಮೈಮೇಲೆ ಹಳೆಯದು, ಹೊಸದು, ಎರವಲು, ನೀಲಿ ಎಂದು ನಾಲ್ಕೂ ಇರಬೇಕೆನ್ನುವುದು ಅವರಲ್ಲಿ ಶಾಸ್ತ್ರ. ಟ್ರೂಡಿ ಕಾದಿದ್ದು ಸಿಟ್ಟಿಗೆ, ಬಂದದ್ದು ಲೆಕ್ಕ.

"ಎರವಲು ಅಂದ್ರೆ ನೀನು ಎದೆಗೆ ಚುಚ್ಚಿಕೊಂಡಿದ್ದ ನನ್ನ ಮುತ್ತಿನ ಬ್ರೋಚ್ ಅಲ್ವಾ? ಚರ್ಚಲ್ಲಿ ಎಲ್ಲರಿಗೂ ಹಾಗಂತಲೇ ಹೇಳಿದೀನಿ."

"ಅದೂ ಎರವಲೇ."

"ಎರಡು ಎರವಲು ಎಲ್ಲಿಂದ ಬರತ್ತೆ? ಒಂದೇ ಇರೋದು. ಹಾಗಾದ್ರೆ ನನ್ನ ಬ್ರೋಚ್ ಯಾವುದು, ಹಳೇದಾ?"

"ಅಯ್ಯೋ ಮಾಮ್, ಬ್ರೋಚ್ ವಿಷಯ ಬಿಡಿ."

"ನಲವತ್ತು ವರ್ಷದ್ದು, ಹಳೇದೇ ಇರಬಹುದು ಬಿಡು. ಹೊಸದು ಯಾವುದಿತ್ತಮ್ಮ ನಿನ್ನ ಮೈಮೇಲೆ?"

"ಸಾಕ್ಸು," ಎಂದಳು ಟ್ರೂಡಿ. ಅಲ್ಲಿಯವರೆಗೆ ತಡೆದಿದ್ದ ದನಿ ಒಡೆಯಿತು. "ಒಂದು ಮಾತು ಕೇಳಬಾರದಿತ್ತಾ ನೀವು? ಸೀಲ್ ಮಾಡಿಸಲಾ ಅಂತ ಒಂದೇ ಒಂದು ಮಾತು? ಮಾರ್ಲಾ ದಿನಕ್ಕೆ ಆರು ಸಲ ಮೆಸೇಜ್ ಮಾಡ್ತಾಳೆ. ಇವತ್ತು ತಲುಪದಿದ್ರೆ ಅವಳು ಏನು ಹಾಕ್ಕೋಬೇಕು, ಈ ರಟ್ಟನ್ನಾ?"

ಬರ್ನಿಸ್ ಅಡುಗೆಮನೆಗೆ ಹೋದಳು. ಅಳುತ್ತಾಳೇನೋ ಎಂದುಕೊಂಡಳು ಟ್ರೂಡಿ. ಅತ್ತೆ ಮರಳಿ ಬಂದದ್ದು ಮೀನು ಸೀಳುವ ಚೂರಿಯೊಂದಿಗೆ. ಪೆಟ್ಟಿಗೆಯನ್ನು ಮಗ್ಗುಲಾಗಿಸಿ, ಕಿಟಕಿಗೆ ಸೋಕದಂತೆ ಬುಡದ ಟೇಪಿಗೆ ಚೂರಿ ತಾಗಿಸಿದಳು. ಒಂದೇ ಪೆಟ್ಟಿಗೆ ಪೆಟ್ಟಿಗೆ ಬಾಯಿಬಿಟ್ಟಿತು. ನೂರು ವರ್ಷದ ಗ್ಯಾರಂಟಿ ಹದಿಮೂರು ದಿನಕ್ಕೆ ಮುಗಿಯಿತು.

ಗೌನನ್ನು ಸೊಸೆಯ ತೋಳಿಗೆ ಹಾಕಿ, ಕಪಾಟಿನಿಂದ ಬಿಳಿ ಮೇಜುಹಾಸೊಂದನ್ನು ತೆಗೆದಳು. ಲೇಸಿನ ಅಂಚು ಮೇಲೆ ಬರುವಂತೆ ಕಿಟಕಿಯ ಕೆಳಗೆ ತುರುಕಿ, ಎದೆಯಿರಬೇಕಾದಲ್ಲಿ ಎರಡು ಕೈವಸ್ತ್ರ ಉಂಡೆ ಮಾಡಿಟ್ಟಳು.

"ಮಾಮ್, ಇದೇನು?"

"ನಿನ್ನ ಗೌನು."

"ನಾನು ನಿಜ ಹೇಳಿದ್ದು ಇದಕ್ಕಾ?"

"ನನಗೆ ಹೇಳಿದ್ಯಲ್ಲ, ಸಾಕು. ಎಡ್ನಾಗೆ ಹೇಳೋದೇನೂ ಬೇಡ. ಬುಧವಾರ ಬುಧವಾರ ಬಂದು ಹತ್ತು ನಿಮಿಷ ಇದರ ಪಕ್ಕ ಕೂತ್ಕೋ. ಕೇಳಿದವರಿಗೆ ನಗು ಮುಖ ತೋರಿಸು. ಈಗ ಹಿಂಬಾಗಿಲಿಂದ ಹೋಗು, ಅವರು ಬರೋ ಹೊತ್ತಾಯ್ತು."

ಉತ್ತರಕ್ಕೆ ಟ್ರೂಡಿಯ ನಾಲಿಗೆ ತುದಿಯಲ್ಲಿ ಏಳೆಂಟು ಮಾತಿದ್ದವು. ತೋಳಲ್ಲಿದ್ದ ಗೌನು ಗಲ್ಲದವರೆಗೆ ಉಬ್ಬಿ ಬಾಯಿಯನ್ನೇ ಮುಚ್ಚಿತ್ತು. ಹಿಂಬಾಗಿಲು ದಾಟಿ, ಕಾರಿನ ಹಿಂದಿನ ಸೀಟಿಗೆ ಅದನ್ನು ನೂಕಿ, ಬಾಗಿಲನ್ನು ಸಿಟ್ಟೆಲ್ಲ ಸೇರಿಸಿ ಬಡಿದಳು. ಗೌನಿನ ಒಂದು ಮೊಳ ಸೆರಗು ಹೊರಗೇ ಉಳಿಯಿತು.

ಮತ್ತೆ ತೆರೆದಳು.